ಗಣಿ ಮಣ್ಣು ಹಾಕೋ ಮುಂಚೆ ಮ್ಯಾಗ್ನೆಟ್ ಆಡಿಸಿ ನೋಡಪ್ಪಾ

ತಮ್ಮಾ, ನೀ ಮನ್ಯಾಗ ಕಟ್ಟಿದ ಮಾಡೆಲ್ ರೈಲಿನ ಫೋಟೋ ನೋಡಿ ಎದಿ ಧಸಕ್ ಅಂತು. ಸಂಡೂರಿನಿಂದ ಗಣಿ ಮಣ್ಣು ತಂದು, ಜರಡಿ ಹಿಡದು, ಹಳಿ ಸುತ್ತ ಉದುರಿಸಿ "ಒರಿಜಿನಲ್ ಕಲರ್ ಬಂತು ನೋಡ್ರಿ" ಅಂತ ಬರದೀಯಲ್ಲ, ಅದರ ಕೆಳಗ ಎಲ್ಲಾರೂ ಸೂಪರ್ ಸೂಪರ್ ಅಂದಾರ. ಮ್ಯಾಗ್ನೆಟ್ ಹಿಡದು ನೋಡಿದಿ ಏನು ಅಂತ ಒಬ್ಬನಾದ್ರೂ ಕೇಳಿಲ್ಲ. ಮಣ್ಣು ಅಂಟಿಸೋ ಫೆವಿಕಾಲ್ ನೀರು ಇನ್ನೂ ಬಿಟ್ಟಿಲ್ಲ ಅಂದ್ರ ಇವತ್ತು ಬಿಡಬ್ಯಾಡ.

ನಾನೂ ಇದನ್ನ ಮಾಡಿ ಕುಂತವ. ಹೊಸಪೇಟೆಯಿಂದ ಕೊಪ್ಪಳಕ್ಕ ವಾಪಸ್ ಬರೂಮುಂದ ರಸ್ತಾ ಬಾಜೂಕ ಲಾರಿಯಿಂದ ಸೋರಿದ ಅದಿರಿನ ಪುಡಿ ಒಂದು ಚೀಲ ತುಂಬ್ಕೊಂಡು ಬಂದಿದ್ದೆ. ಎಂಟು ಅಡಿ ಬೋರ್ಡಿನ ಮ್ಯಾಲೆ ಹಾಸಿದೆ. ಬಣ್ಣಕ್ಕ ಮಾತಾಡಂಗಿಲ್ಲ, ಥೇಟ್ ಗಣಿ ಸೈಡಿಂಗ್, ಅದಿರು ತುಂಬೋ ಹಳಿ ಇದ್ದಂಗ. ಮೂರನೇ ದಿನಕ್ಕ ಇಂಜಿನ್ ಕಿರ್ ಕಿರ್ ಅನ್ನಾಕ ಹತ್ತಿತು. ಎಣ್ಣಿ ಕಡಿಮಿ ಆಗೈತಿ ಅಂತ ಹೊಲಿಗಿ ಮಷಿನ್ ಎಣ್ಣಿ ಎರಡು ಹನಿ ಬಿಟ್ಟೆ. ಅದು ಇನ್ನೊಂದು ತಪ್ಪು. ಐದನೇ ದಿನ ನಿಂತೇ ಹೋತು. ಬಿಚ್ಚಿ ನೋಡಿದ್ರ ಮೋಟಾರಿನ ಮ್ಯಾಗ್ನೆಟ್ ಸುತ್ತ ಅದಿರಿನ ಪುಡಿ ಮುಳ್ಳಹಂದಿ ಮೈ ಹಂಗ ನೆಟ್ಟಗ ನಿಂತೈತಿ, ಗೇರಿನ್ಯಾಗ ಎಣ್ಣಿ ಕೂಡಿ ಸಾಣಿ ಹಿಡಿಯೋ ಪೇಸ್ಟ್ ಆಗೈತಿ. ಹುಬ್ಬಳ್ಳಿ ಶೆಡ್ಡಿಂದು ಅಂತ ವಾರಗಟ್ಟಲೆ ಕುಂತು ಬಣ್ಣ ಹೊಡದಿದ್ದ ಇಂಜಿನ್ ಅದು.

ನಮ್ಮ ಕಡೆ ಅದಿರು ಹೆಚ್ಚಾಗಿ ಹೆಮಟೈಟ್, ಅದನ್ನ ಮ್ಯಾಗ್ನೆಟ್ ಅಷ್ಟು ಜಗ್ಗಂಗಿಲ್ಲ ಅಂತ ಯಾರರೆ ವಾದಕ್ಕ ಬರ್ತಾರ. ಖರೇ ಐತಿ. ಆದ್ರ ಅದರ ಜೊತಿ ಮ್ಯಾಗ್ನಟೈಟ್ ಕೂಡಿರ್ತೈತಿ, ರಸ್ತಾದ ಪುಡಿಯೊಳಗ ಲಾರಿ, ಜೆಸಿಬಿ ಸವದ ಕಬ್ಬಿಣನೂ ಇರ್ತೈತಿ. ಮೋಟಾರ್ ಕೆಡಾಕ ಒಂದು ಚಿಟಿಕಿ ಸಾಕು. ಹಳೇ ಸ್ಪೀಕರ್ ಮ್ಯಾಗ್ನೆಟ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ ಪುಡಿಯೊಳಗ ಆಡಿಸು. ಮೀಸಿ ಬಂದಂಗ ಹತ್ಕೊಂಡ್ರ ಆ ಮಣ್ಣು ಗಿಡದ ಕುಂಡಕ್ಕ. ಏನೂ ಹತ್ತಲಿಲ್ಲ ಅಂದ್ರೂ ಹಳಿಯಿಂದ ನಾಕು ಬೆರಳು ದೂರ ಹಾಕು, ಹಳಿ ನಡುವ ಮಾತ್ರ ಬ್ಯಾಡ.

ಅಂಟು ಹಾಕೇ ಬಿಟ್ಟಿದ್ದಿ ಅಂದ್ರ, ಸಾದಾ ಬಿಳೇ ಫೆವಿಕಾಲ್ ಆಗಿದ್ರ ಬೆಚ್ಚನ್ನ ನೀರು ಸ್ಪ್ರೇ ಮಾಡಿ ಅರ್ಧ ತಾಸು ಬಿಡು, ಮೆತ್ತಗ ಆಗ್ತೈತಿ, ಕೆರದು ತಗಿ. ಪ್ಲೈವುಡ್ ಉಬ್ಬೂ ಹಂಗ ನೀರು ಸುರಿಬ್ಯಾಡ. ಮರೀನ್ ಫೆವಿಕಾಲ್ ಹಾಕಿದ್ರ ದೇವರೇ ಗತಿ. ಅದು ನೀರಿಗೆ ಬಗ್ಗಬಾರದು ಅಂತನ ಮಾಡಿದ ಮಾಲು, ಜಲ್ಲಿ ಅಂಟಿಸಾಕ ಅದನ್ನ ಹಾಕೂದು ಶುದ್ಧ ದಡ್ಡತನ.

ಜಲ್ಲಿಗೆ ನಾ ಈಗ ಹಾಕೂದು ದಪ್ಪ ರಂಗೋಲಿ ಪುಡಿ. ಖರೇ ಹಳಿಯ ಜಲ್ಲಿ ದೊಡ್ಡದಂದ್ರ 65 ಮಿ.ಮೀ., ನಮ್ಮ ಎಚ್‌ಒ ಸ್ಕೇಲ್ ಅಂದ್ರ ಖರೇದರ 87ನೇ ಒಂದು ಪಾಲು, ಅದಕ್ಕ 87ರಿಂದ ಭಾಗಿಸಿದ್ರ ಮುಕ್ಕಾಲು ಮಿಲಿಮೀಟರ್, ಅಂದ್ರ ರವಾದಷ್ಟು. ರವಾನೇ ಹಾಕಬ್ಯಾಡ, ಇರಿವಿ ಬರ್ತಾವ. ಬೂದಿ ಬಣ್ಣ ಕಲಸಿ ಒಣಗಿಸಿ ಹಾಸು, ಮೊದಲು ಬರೇ ನೀರು ಸ್ಪ್ರೇ, ಆಮ್ಯಾಲೆ ಫೆವಿಕಾಲಿಗೆ ಅಷ್ಟೇ ನೀರು, ಒಂದು ಹನಿ ಪಾತ್ರಿ ತೊಳಿಯೋ ಲಿಕ್ವಿಡ್. ಆ ಹನಿ ಇಲ್ಲಾಂದ್ರ ಅಂಟು ಒಳಗ ಇಳಿಯಂಗಿಲ್ಲ, ಗುಂಡಾಗಿ ಮ್ಯಾಲೇ ಕುಂದರತೈತಿ. ಕೆಂಪು ನೆಲಕ್ಕ ಕಟ್ಟಿಗಿ ಹೊಟ್ಟಿಗೆ ಕಾವಿ ಕಲಸು. ಅದಕ್ಕೂ ಮ್ಯಾಗ್ನೆಟ್ ಆಡಿಸೇ ಹಾಕು.

ಗುಡ್ಡಕ್ಕ ಥರ್ಮಾಕೋಲ್ ಇಟ್ಟೀಯಲ್ಲ, ಅದರ ಮ್ಯಾಲೆ ಸ್ಪ್ರೇ ಪೇಂಟ್ ಹೊಡದ್ರ ಕರಗಿ ಹೊಂಡ ಬೀಳ್ತೈತಿ. ನಾನಂತೂ ಥರ್ಮಾಕೋಲ್ ಬಿಟ್ಟು ಗೊಂಬಿ ಮಾಡೋ ಕಿನ್ನಾಳದವರ ದಾರಿ ಹಿಡದೀನಿ. ಅವರು ಗೊಂಬಿಗೆ ಕಿಟ್ಟ ಮಾಡ್ತಾರಲ್ಲ, ಗೋಣಿ ನಾರಿನ ಪುಡಿ, ಕಟ್ಟಿಗಿ ಹೊಟ್ಟು, ಹುಣಸಿ ಬೀಜದ ಅಂಟು, ಅದೇ. ಹಗುರ, ಬಿರುಕು ಬಿಡೂದು ಕಡಿಮಿ. ಒಮ್ಮೆಗೇ ದಪ್ಪ ಮೆತ್ತಬ್ಯಾಡ, ತೆಳ್ಳಗ ಎರಡು ಮೂರು ಸಲ ಮೆತ್ತು. ಮಳಿಗಾಲದಾಗ ಮಾಡಿದ್ರ ಬೂಸ್ಟು ಹಿಡಿತೈತಿ, ನಮ್ಮ ಏಪ್ರಿಲ್ ಬಿಸಿಲಿನ್ಯಾಗ ಎರಡು ದಿನಕ್ಕ ಕಲ್ಲಾಗ್ತೈತಿ.

ಬಿಸಿಲು ಅಂದ್ನಲ್ಲ, ಹಳಿ ನೀ ಡಿಸೆಂಬರಿನ್ಯಾಗ ಒಂದಕ್ಕೊಂದು ಒತ್ತಿ ಜೋಡಿಸಿದ್ದಿ. ಮೂರು ಮೀಟರ್ ಹಳಿ 25 ಡಿಗ್ರಿ ಏರಿದ್ರ ಒಂದು ಮಿಲಿಮೀಟರಿಗಿಂತ ಜಾಸ್ತಿ ಬೆಳಿತೈತಿ. ಜೋಡಣಿಗೊಂದು ವಿಸಿಟಿಂಗ್ ಕಾರ್ಡ್ ಸಂದು ಬಿಡು. ಪೆಕೊ ಕಂಪನಿ ಮಾಡೆಲ್ ಹಳಿ ತುಟ್ಟಿ ಅಂತ ಅಳ್ತೀರಿ, ನನ್ನ ಕಡೆ ಹತ್ತು ವರ್ಷದ್ದು ಇನ್ನೂ ಓಡಾಕತ್ತೈತಿ.

ಇನ್ನೊಂದು, ಬಾಕ್ಸ್‌ಎನ್ ಅಂದ್ರ ಮ್ಯಾಲೆ ತೆರದಿರೋ ಗೂಡ್ಸ್ ಡಬ್ಬಿಗೆ ಅದಿರು ಕಂಠಮಟ ತುಂಬೀದಿ. ತೋರಣಗಲ್ಲಿನ್ಯಾಗ ಇದ್ಕೊಂಡು ಒಂದು ಸಲ ಮೇಲ್ಸೇತುವೆ ಹತ್ತಿ ನೋಡಿಲ್ಲ ಏನು? ಅದಿರು ತೂಕದ ಮಾಲು, ಅರ್ಧ ಡಬ್ಬಿನೂ ತುಂಬಂಗಿಲ್ಲ, ಅಷ್ಟರಾಗ ಲೋಡ್ ಮುಗಿತೈತಿ. ಮ್ಯಾಲಿನಮಟ ಕಾಣೂದು ಕಲ್ಲಿದ್ದಲು. ಹಂಗ 58 ಡಬ್ಬಿ ಕೂಡಿಸಿ ಪೂರ್ತಿ ರೇಕ್, ಅಂದ್ರ ಇಡೀ ಗೂಡ್ಸ್ ಗಾಡಿ, ಮಾಡ್ತೀನಿ ಅಂದೀಯಲ್ಲ, ಎಚ್‌ಒ ಸ್ಕೇಲಿನ್ಯಾಗ ಅದಕ್ಕ ಏಳು ಮೀಟರ್ ದಾಟತೈತಿ. ಮನ್ಯಾಗ ಕೇಳಿ ಮಾಡು.

ಲೈಟ್. ಮ್ಯಾಲಿನ ಬಿಳೇ ಟ್ಯೂಬ್‌ಲೈಟ್ ಆರಿಸು. ಸೂರ್ಯ ಒಬ್ಬನ, ಬಲ್ಬೂ ಒಂದ. 3000 ಕೆಲ್ವಿನ್ ಹಳದಿ ಎಲ್‌ಇಡಿ ಒಂದು ಬಾಜೂ ಕೆಳಗ ಇಡು, ಸಂಜಿ ನಾಕೂವರಿ ಬಿಸಿಲು ಬಂದಂಗ. ಇನ್ನೊಂದು ಬಾಜೂಕ ಬಿಳೇ ಥರ್ಮಾಕೋಲ್ ಹಲಿಗಿ ನಿಲ್ಲಿಸು, ನೆರಳು ತಿಳಿ ಆಗ್ತೈತಿ, ಥರ್ಮಾಕೋಲಿಗೆ ಅದೊಂದ ಕೆಲಸ. ಆಕಾಶದ ಚಿತ್ರ ಗುಡ್ಡದಿಂದ ಒಂದಡಿ ಹಿಂದ ಸರಿಸು, ಈಗ ಮೋಡದ ಮ್ಯಾಲೆ ಕಂಬದ ನೆರಳು ಬಿದ್ದೈತಿ. ಸ್ಟೇಷನ್ ಒಳಗಿನ ಎಲ್‌ಇಡಿಗೆ 12 ವೋಲ್ಟಿಗೆ 470 ಓಮ್ ರೆಸಿಸ್ಟರ್ ಹಾಕೀದಿ, ಲೆಕ್ಕ ಸರಿ ಐತಿ, ಬೆಳಕು ಮಾತ್ರ ಮದುವಿ ಮಂಟಪದ್ದು. 4.7 ಕಿಲೋ ಓಮ್ ಹಾಕು. ಗೋಡಿ ಒಳಗ ಕರೇ ಬಣ್ಣ ಬಳಿ, ಪ್ಲಾಸ್ಟಿಕ್ ಗೋಡಿ ಲಾಟೀನಿನಂಗ ಹೊಳಿಯಾಕತ್ತೈತಿ.

ಫೋಟೋ ಎರಡು ಅಡಿ ಮ್ಯಾಲಿಂದ ಹೊಡದಿ, ಸ್ಕೇಲ್ ಲೆಕ್ಕದಾಗ ಅದು 53 ಮೀಟರ್, ಡ್ರೋನ್ ಹಾರಿಸಿದಂಗ. ಪ್ಲಾಟ್‌ಫಾರ್ಮಿನ ಮನಷಾ ಎರಡು ಸೆಂಟಿಮೀಟರ್ ಎತ್ತರ, ಅವನ ಕಣ್ಣಿನ ಮಟ್ಟಕ್ಕ ಕ್ಯಾಮೆರಾ ಇಳಿಬೇಕು. ಫೋನ್ ತಲಿಕೆಳಗ ಮಾಡಿ ಹಳಿ ಬಾಜೂ ನಿಲ್ಲಿಸು, ಲೆನ್ಸ್ ನೆಲಕ್ಕ ಬರ್ತೈತಿ. ಫ್ಲ್ಯಾಶ್ ಬಂದ್, ಎರಡು ಸೆಕೆಂಡ್ ಟೈಮರ್. ಬಾಳ ಹತ್ತಿರ ಹೋಗಬ್ಯಾಡ, ಹಿಂದಿನ ಡಬ್ಬಿ ಎಲ್ಲಾ ಮಸುಕಾಗ್ತಾವ, ದೂರ ನಿಂತು ಆಮ್ಯಾಲೆ ಕತ್ತರಿಸ್ಕೋ.

ಇವತ್ತು ರಾತ್ರಿ ಮೊದಲು ಇಂಜಿನ್ ಬಿಚ್ಚಿ ನೋಡು. ಬಿಚ್ಚೂಮುಂದ ಹಂತ ಹಂತಕ್ಕ ಫೋಟೋ ಹೊಡ್ಕೋ, ಕೆಳಗ ಬಿಳೇ ಪಂಜಿ ಹಾಸು. ಮೋಟಾರಿನ ಬ್ರಶ್ ಸ್ಪ್ರಿಂಗ್ ಹಾರಿ ಹೋದ್ರ ಸಿಗಂಗಿಲ್ಲ. ನಂದು ಇನ್ನೂ ಸಿಕ್ಕಿಲ್ಲ.