ಪ್ಲೇ ಮನಿ ಪೋಕರ್‌ನಿಂದ ನಿಜವಾದ ಹಣದ ಟೇಬಲ್‌ಗೆ ಹೋಗುವ ಮುಂಚೆ

ಆರು ತಿಂಗಳಿಂದ ಪ್ಲೇ ಮನಿ ಚಿಪ್ಸ್‌ನಲ್ಲಿ, ಅಂದರೆ ಹಣದ ಬೆಲೆ ಇಲ್ಲದ ಪುಕ್ಕಟೆ ಚಿಪ್ಸ್‌ನಲ್ಲಿ, ಟೆಕ್ಸಸ್ ಹೋಲ್ಡೆಮ್ ಪೋಕರ್ ಆಡುತ್ತಿದ್ದೀರಿ. ಖಾತೆಯಲ್ಲಿ 20 ಲಕ್ಷ ಚಿಪ್ಸ್ ಸೇರಿದೆ. ಈಗ ನಿಜವಾದ ಹಣ ಹಾಕಿ ಆಡಬೇಕು ಅನ್ನಿಸಿದೆ. ಎಷ್ಟು ಹಣದಿಂದ ಶುರು ಮಾಡಬೇಕು, ಆಟ ಬೇರೆ ಥರ ಇರುತ್ತದಾ, ತಿಂಗಳಿಗೆ ಒಂದಿಷ್ಟು ಆದಾಯ ಬರಬಹುದಾ ಅಂತ ಕೇಳಿದ್ದೀರಿ. ನಾನೂ ಇದೇ ದಾರಿಯಲ್ಲಿ ಬಂದವನು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ನೀವಿರುವ ಜಾಗದ ಕಾನೂನು ನೋಡಿ. ಕೆಲವು ದೇಶಗಳಲ್ಲಿ ಪರವಾನಗಿ ಪಡೆದ ಸೈಟ್‌ಗಳಲ್ಲಿ ಆಡಬಹುದು. ಕೆಲವು ಕಡೆ ಪೂರ್ತಿ ನಿಷೇಧ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಪೋಕರ್ ಕೌಶಲದ ಆಟವೋ ಅದೃಷ್ಟದ ಆಟವೋ ಅನ್ನುವ ವಾದಕ್ಕೆ ಅಲ್ಲಿ ಜಾಗ ಇಲ್ಲ. ನಿಮ್ಮಲ್ಲಿ ಅನುಮತಿ ಇಲ್ಲದಿದ್ದರೆ ಪ್ಲೇ ಮನಿಯಲ್ಲೇ ಇರಿ. ಕಳ್ಳದಾರಿ ಹುಡುಕಬೇಡಿ. ಅಂಥ ಸೈಟ್‌ನಲ್ಲಿ ಗೆದ್ದ ಹಣ ಸಿಕ್ಕಿಹಾಕಿಕೊಂಡರೆ ಯಾರ ಹತ್ತಿರ ಹೋಗಿ ಕೇಳುತ್ತೀರಿ? ಅನುಮತಿ ಇರುವ ಕಡೆ ಇದ್ದೀರಿ ಅಂದುಕೊಂಡು ಮುಂದಿನದನ್ನು ಬರೆಯುತ್ತೇನೆ.

ನಿಮ್ಮ 20 ಲಕ್ಷ ಚಿಪ್ಸ್ ಸುಮ್ನೆ ಬಂದದ್ದಲ್ಲ. ಯಾವ ಕೈ ಯಾವುದಕ್ಕಿಂತ ದೊಡ್ಡದು, ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಸರದಿಯಂತೆ ಹಾಕಬೇಕಾದ ಹಣ) ಹೇಗೆ ತಿರುಗುತ್ತದೆ, ಟೈಮರ್ ಮುಗಿಯುವುದರೊಳಗೆ ಬಟನ್ ಒತ್ತುವುದು ಹೇಗೆ, ಇದೆಲ್ಲ ನಿಮಗೆ ಬಂದಿದೆ. ಆದರೆ ಪ್ಲೇ ಮನಿ ಒಂದನ್ನು ಮಾತ್ರ ಕಲಿಸಲಾರದು. ಅದು ಫೋಲ್ಡ್ ಮಾಡುವುದು, ಅಂದರೆ ಆ ಸುತ್ತಿನ ಆಟ ಬಿಟ್ಟುಕೊಡುವುದು. ಅಲ್ಲಿ ಚಿಪ್ಸ್ ಮುಗಿದರೆ ಮತ್ತೆ ಪುಕ್ಕಟೆ ಸಿಗುತ್ತದೆ. ಎಲೆ ಕೆಳಗೆ ಹಾಕಿ ಕಾಯುವುದಕ್ಕೆ ಯಾರಿಗೂ ಕಾರಣ ಇಲ್ಲ. ಐದಾರು ಜನ ಯಾವ ಎಲೆ ಇದ್ದರೂ ಫ್ಲಾಪ್ (ಎಲ್ಲರಿಗೂ ಸೇರಿ ನಡುವೆ ಬೀಳುವ ಮೊದಲ ಮೂರು ಎಲೆ) ನೋಡುತ್ತಾರೆ, ಇಬ್ಬರು ಕಣ್ಣು ಮುಚ್ಚಿ ಆಲ್-ಇನ್ ಮಾಡುತ್ತಾರೆ, ಅಂದರೆ ಮುಂದಿದ್ದದ್ದನ್ನೆಲ್ಲ ಹಾಕುತ್ತಾರೆ. ಕೈಯಲ್ಲಿ ಎರಡು ಎಕ್ಕ ಇದ್ದು ಎದುರಿಗೆ ಯಾವುದೋ ಎರಡು ಎಲೆ ಹಿಡಿದ ಒಬ್ಬನೇ ಇದ್ದರೆ ನೂರರಲ್ಲಿ 85 ಸಲ ನೀವು ಗೆಲ್ಲುತ್ತೀರಿ. ಅದೇ ಎಕ್ಕದ ಜೋಡಿಯ ಎದುರು ಐದು ಜನ ಕೊನೆಯ ತನಕ ಕೂತರೆ ಗೆಲ್ಲುವುದು ಹೆಚ್ಚುಕಮ್ಮಿ ಅರ್ಧ ಸಲ ಮಾತ್ರ. ಅಲ್ಲಿ ಒಳ್ಳೆಯ ಎಲೆ ಇದ್ದಂತೆ ಬ್ಲಫ್ ಮಾಡಿದರೆ ಯಾರೂ ಎಲೆ ಕೆಳಗೆ ಹಾಕುವುದಿಲ್ಲ. ಬೇರೆಯವರು ಜೋರಾಗಿ ರೇಸ್ ಮಾಡಿದರೂ (ಪಣದ ಮೊತ್ತ ಏರಿಸಿದರೂ) ಅದಕ್ಕೆ ಅರ್ಥ ಇರುವುದಿಲ್ಲ. ಹಣದ ಟೇಬಲ್‌ನಲ್ಲಿ ಅರ್ಥ ಇರುತ್ತದೆ. ಅತಿ ಚಿಕ್ಕ ಟೇಬಲ್‌ನಲ್ಲೂ ಇರುತ್ತದೆ.

ಇದು ನನಗೆ ಮೊದಲ ವಾರದಲ್ಲೇ ಗೊತ್ತಾಯಿತು. ಆ ಕೈ, ಅಂದರೆ ಆ ಒಂದು ಸುತ್ತಿನ ಆಟ, ಇವತ್ತಿಗೂ ನೆನಪಿದೆ. ಬ್ಲೈಂಡ್ 1 ಸೆಂಟ್ ಮತ್ತು 2 ಸೆಂಟ್. ನನ್ನ ಮುಂದೆ ಪೂರ್ತಿ ಬೈ-ಇನ್ (ಟೇಬಲ್‌ಗೆ ಕೂರುವಾಗ ತರುವ ಹಣ), ಅಂದರೆ 2 ಡಾಲರ್. ಬಟನ್‌ನಲ್ಲಿ, ಅಂದರೆ ಕೊನೆಗೆ ಮಾತಾಡುವ ಸೀಟಿನಲ್ಲಿ ಕೂತಿದ್ದೆ, ಕೈಯಲ್ಲಿ ರಾಜ ಮತ್ತು ರಾಣಿ. 6 ಸೆಂಟ್‌ಗೆ ರೇಸ್ ಮಾಡಿದೆ. ಬಿಗ್ ಬ್ಲೈಂಡ್‌ನಲ್ಲಿದ್ದವನು (ಎರಡರಲ್ಲಿ ದೊಡ್ಡ ಬ್ಲೈಂಡ್ ಹಾಕಿದವನು) ಮಾತ್ರ ಅಷ್ಟೇ ಹಣ ಹಾಕಿ ಕಾಲ್ ಮಾಡಿದ. ಅವನು ಒಂದು ಗಂಟೆಯಲ್ಲಿ ನಾಲ್ಕೈದು ಕೈಯನ್ನೂ ಆಡಿರಲಿಲ್ಲ. ಫ್ಲಾಪ್‌ನಲ್ಲಿ ರಾಜ, ಒಂಬತ್ತು, ನಾಲ್ಕು, ಮೂರೂ ಬೇರೆ ಬೇರೆ ಜಾತಿ. ನನಗೆ ಖುಷಿ. 8 ಸೆಂಟ್ ಹಾಕಿದೆ, ಕಾಲ್ ಮಾಡಿದ. ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆಯಾಗಿ, ಎರಡರ ಎಲೆ ಬಂತು. 20 ಸೆಂಟ್ ಹಾಕಿದೆ. ಅವನು ಅದನ್ನು 65 ಸೆಂಟ್ ಮಾಡಿದ.

ಪ್ಲೇ ಮನಿಯಲ್ಲಿ ಇಂಥ ರೇಸ್ ಬಂದಾಗ ನಾನು ಯೋಚಿಸುತ್ತಲೇ ಇರಲಿಲ್ಲ. ದೊಡ್ಡ ಜೋಡಿ ಸಿಕ್ಕಿದೆ, ಬಿಡುವ ಮಾತೇ ಇಲ್ಲ. ಇಲ್ಲೂ ಅದೇ ಅಭ್ಯಾಸದಲ್ಲಿ ಕಾಲ್ ಮಾಡಿದೆ. ರಿವರ್‌ನಲ್ಲಿ, ಅಂದರೆ ಐದನೆಯ, ಕೊನೆಯ ಎಲೆಯಾಗಿ, ಏಳು ಬಂತು. ಅವನು ಉಳಿದ 1 ಡಾಲರ್ 21 ಸೆಂಟ್ ಪೂರ್ತಿ ಒಳಗೆ ತಳ್ಳಿದ. ಕಾಲ್ ಮಾಡಿದೆ. ಅವನ ಕೈಯಲ್ಲಿ ಒಂಬತ್ತರ ಜೋಡಿ ಇತ್ತು. ಫ್ಲಾಪ್‌ನಲ್ಲೇ ಮೂರು ಒಂಬತ್ತು ಸೇರಿ ಕಾದು ಕೂತಿದ್ದ.

ಲೆಕ್ಕ ನೋಡಿ. ಅವನು ಆಲ್-ಇನ್ ಮಾಡಿದ ಮೇಲೆ ಪಾಟ್‌ನಲ್ಲಿ (ಎಲ್ಲರೂ ಹಾಕಿ ನಡುವೆ ಸೇರಿದ ಹಣದಲ್ಲಿ) ಇದ್ದದ್ದು 280 ಸೆಂಟ್. ನಾನು ಹಾಕಬೇಕಾದದ್ದು 121. ಒಟ್ಟು 401. 121ನ್ನು 401ರಿಂದ ಭಾಗಿಸಿದರೆ ಸುಮಾರು 30 ಪರ್ಸೆಂಟ್. ಅಂದರೆ ಹತ್ತರಲ್ಲಿ ಮೂರು ಸಲ ನನ್ನ ಕೈ ದೊಡ್ಡದಾಗಿದ್ದರೂ ಕಾಲ್ ಮಾಡಿದ್ದು ಸರಿ. ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಒಂದೇ: ಗಂಟೆಗೆ ನಾಲ್ಕೈದು ಕೈ ಆಡುವವನು ಹೀಗೆ ಎರಡು ಸಲ ಜೋರು ಮಾಡಿದಾಗ ಹತ್ತರಲ್ಲಿ ಮೂರು ಸಲ ಸುಳ್ಳು ಹೇಳುತ್ತಾನಾ? ಖಂಡಿತ ಇಲ್ಲ. ಚಿಕ್ಕ ಟೇಬಲ್‌ಗಳಲ್ಲಿ ಇಂಥವರು ಟರ್ನ್‌ನಲ್ಲಿ ರೇಸ್ ಮಾಡಿದರೆ ಎಲೆ ಇದ್ದೇ ಇರುತ್ತದೆ. ಈ ಒಂದು ಮಾತನ್ನು ನಂಬಿದ್ದರೆ ನನಗೆ ಮೊದಲ ತಿಂಗಳಲ್ಲಿ ಎಷ್ಟೋ ಬೈ-ಇನ್ ಉಳಿಯುತ್ತಿತ್ತು.

ಇದನ್ನು ಪಾಟ್ ಆಡ್ಸ್ ಅನ್ನುತ್ತಾರೆ. ಹಣ ಹಾಕುವ ಮುಂಚೆ ಇದು ಬೆರಳ ತುದಿಯಲ್ಲಿರಬೇಕು. ಇನ್ನೊಂದು ಸುಲಭದ ಲೆಕ್ಕ ಇದೆ. ನಿಮ್ಮ ಕೈಯನ್ನು ಪೂರ್ತಿ ಮಾಡುವ ಎಲೆ ಎಷ್ಟು ಉಳಿದಿದೆ ಎಣಿಸಿ. ಒಂದೇ ಎಲೆ ಬರುವುದಿದ್ದರೆ ಎರಡರಿಂದ ಗುಣಿಸಿ. ಫ್ಲಾಪ್ ಆಗಿ ಎರಡೂ ಎಲೆ ನೋಡಲು ಸಿಗುವುದಾದರೆ ನಾಲ್ಕರಿಂದ ಗುಣಿಸಿ. ಬೇಕಾದ ಎಲೆ ಬರುವ ಪರ್ಸೆಂಟ್ ಹೆಚ್ಚುಕಮ್ಮಿ ಅಷ್ಟು. ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಒಂದು ಎಲೆ ಕಮ್ಮಿ ಇದ್ದರೆ 9 ಎಲೆ ಉಳಿದಿರುತ್ತದೆ. ಎರಡು ಎಲೆ ಬರುವಾಗ ಸುಮಾರು 35 ಪರ್ಸೆಂಟ್, ಒಂದೇ ಎಲೆಗೆ 20ರ ಹತ್ತಿರ. ಪ್ಲೇ ಮನಿಯಲ್ಲಿ ಫ್ಲಶ್‌ಗಾಗಿ ಎಷ್ಟು ಬೇಕಾದರೂ ಕೊಟ್ಟು ಕಾಯುವ ಚಟ ಬೆಳೆದಿರುತ್ತದೆ, ಅಲ್ವಾ? ನನಗೂ ಬೆಳೆದಿತ್ತು. ಈ ಗುಣಾಕಾರವೇ ಅದನ್ನು ಬಿಡಿಸಿತು.

ಯಾವ ಕೈ ಆಡಬೇಕು ಅನ್ನುವುದಕ್ಕೆ ಈಗಲೇ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆರು ಜನರ ಟೇಬಲ್‌ನಲ್ಲಿ ಮೊದಲು ಮಾತಾಡುವ ಸೀಟಿನಿಂದ ನೂರರಲ್ಲಿ 15ರಿಂದ 20 ಕೈ ಸಾಕು. ಬಟನ್‌ನಲ್ಲಿ ಅದರ ಎರಡರಷ್ಟು ಆಡಬಹುದು. ಎಲ್ಲರೂ ಆಡಿದ್ದನ್ನು ನೋಡಿ ಕೊನೆಗೆ ನೀವು ತೀರ್ಮಾನ ಮಾಡುತ್ತೀರಿ, ಅದೇ ಕಾರಣ.

ಈಗ ಹಣದ ವಿಷಯ. ಸೈಟ್‌ನಲ್ಲಿ ಸಿಗುವ ಅತಿ ಚಿಕ್ಕ ಟೇಬಲ್‌ನಿಂದ ಶುರು ಮಾಡಿ. ಸಾಮಾನ್ಯವಾಗಿ ಅದು ನಾನು ಹೇಳಿದ 1 ಸೆಂಟ್, 2 ಸೆಂಟ್ ಬ್ಲೈಂಡ್‌ನ ಟೇಬಲ್. ಪೂರ್ತಿ ಬೈ-ಇನ್ ಅಂದರೆ 100 ಬಿಗ್ ಬ್ಲೈಂಡ್, 2 ಡಾಲರ್. ಕಡಿಮೆ ಅಂದರೂ 20 ಬೈ-ಇನ್ ಇರಲಿ, 30 ಇದ್ದರೆ ಇನ್ನೂ ಒಳ್ಳೆಯದು. ಅಂದರೆ 40ರಿಂದ 60 ಡಾಲರ್. ಆ ಹಣ ಪೂರ್ತಿ ಹೋದರೂ ಮನೆಯಲ್ಲಿ ಯಾರಿಗೂ ಏನೂ ಕಮ್ಮಿ ಆಗಬಾರದು. ಅಷ್ಟು ಹಣ ಪಕ್ಕಕ್ಕಿಡಲು ಕಷ್ಟ ಅನ್ನಿಸಿದರೆ ಇನ್ನೂ ಸ್ವಲ್ಪ ದಿನ ಕಾಯಿರಿ. 2000ದಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಈವೆಂಟ್ ಗೆದ್ದ ಕ್ರಿಸ್ ಫರ್ಗುಸನ್ ಒಮ್ಮೆ ಸೊನ್ನೆಯಿಂದ ಶುರು ಮಾಡಿ 10,000 ಡಾಲರ್ ಮಾಡಿ ತೋರಿಸಿದ್ದರು. ಶುಲ್ಕ ಇಲ್ಲದೆ ಸೇರಬಹುದಾದ ಫ್ರೀರೋಲ್ ಟೂರ್ನಮೆಂಟ್‌ಗಳಲ್ಲಿ ಸಿಕ್ಕ ಪುಡಿಗಾಸಿನಿಂದ ಅದು ಶುರುವಾಯಿತು. ತೀರಾ ಚಿಕ್ಕ ಟೇಬಲ್‌ಗಳನ್ನು ಬಿಟ್ಟರೆ, ಒಟ್ಟು ಹಣದ 5 ಪರ್ಸೆಂಟ್‌ಗಿಂತ ಜಾಸ್ತಿ ಹಿಡಿದು ಅವರು ಟೇಬಲ್‌ಗೆ ಕೂರುತ್ತಿರಲಿಲ್ಲ. ಗೆದ್ದು ಗೆದ್ದು ಮುಂದಿರುವ ಹಣ ಒಟ್ಟು ಹಣದ 10 ಪರ್ಸೆಂಟ್ ದಾಟಿದರೆ ಎದ್ದು ಹೋಗುತ್ತಿದ್ದರು. ಈ ಎರಡು ನಿಯಮ ನೀವೂ ಇಟ್ಟುಕೊಳ್ಳಿ. ಫ್ರೀರೋಲ್‌ಗಳನ್ನೂ ಆಡಿ. ಪ್ಲೇ ಮನಿಗೂ ಹಣಕ್ಕೂ ನಡುವಿನ ಒಳ್ಳೆಯ ಮೆಟ್ಟಿಲು ಅದು. ಶುರುವಿನಲ್ಲಿ ಮಾತ್ರ ಅಲ್ಲೂ ಕಣ್ಣು ಮುಚ್ಚಿ ಆಲ್-ಇನ್ ಮಾಡುವವರು ಇರುತ್ತಾರೆ.

ಪ್ಲೇ ಮನಿಯಲ್ಲಿ ನಿಮ್ಮ ಕಣ್ಣಿಗೆ ಬೀಳದ ಒಂದು ವಿಷಯ ರೇಕ್. ಪ್ರತಿ ಪಾಟ್‌ನಿಂದ ಸೈಟ್ ತನ್ನ ಪಾಲು ತೆಗೆದುಕೊಳ್ಳುತ್ತದೆ, ಹೆಚ್ಚಿನ ಕಡೆ 5 ಪರ್ಸೆಂಟ್ ಆಸುಪಾಸು. 1 ಡಾಲರ್ ಪಾಟ್ ಗೆದ್ದರೆ 5 ಸೆಂಟ್ ಹೋಯಿತು. ಕೇಳಲು ಚಿಕ್ಕದು. ಆದರೆ ಬಿಗ್ ಬ್ಲೈಂಡೇ 2 ಸೆಂಟ್ ಇರುವಾಗ ಅದು ಎರಡೂವರೆ ಬ್ಲೈಂಡ್. ಟೇಬಲ್‌ನಲ್ಲಿ ಒಬ್ಬ ಗೆದ್ದದ್ದು ಇನ್ನೊಬ್ಬ ಸೋತದ್ದೇ ತಾನೆ? ಅದರ ನಡುವೆ ರೇಕ್ ಹೋಗುತ್ತಲೇ ಇದ್ದರೆ ಎಲ್ಲರ ಲೆಕ್ಕ ಕೂಡಿದಾಗ ಮೈನಸ್‌ನಲ್ಲೇ ಇರಬೇಕು. ಆದ್ದರಿಂದ ಪಕ್ಕದವನಿಗಿಂತ ಚೂರು ಚೆನ್ನಾಗಿ ಆಡಿದರೆ ಸಾಲದು, ರೇಕ್ ತುಂಬುವಷ್ಟು ಚೆನ್ನಾಗಿ ಆಡಬೇಕು. ಚಿಕ್ಕ ಪಾಟ್‌ಗಳಿಗೆ ಸುಮ್ಮಸುಮ್ಮನೆ ಕಾಲ್ ಮಾಡಿಕೊಂಡು ಹೋಗುವವರನ್ನು ನಿಧಾನವಾಗಿ ತಿನ್ನುವುದು ಇದೇ.

ಸೈಟ್ ಆಯ್ಕೆ ಮಾಡುವಾಗ ಬೋನಸ್ ನೋಡಿ ಮರುಳಾಗಬೇಡಿ. ಆ ಬೋನಸ್ ಸಾಮಾನ್ಯವಾಗಿ ನೀವು ಕಟ್ಟಿದ ರೇಕ್‌ನ ಲೆಕ್ಕದಲ್ಲಿ ಕಂತು ಕಂತಾಗಿ ಬಿಡುಗಡೆಯಾಗುತ್ತದೆ. ಪರವಾನಗಿ ಯಾರದು, ಆಟಗಾರರ ಹಣವನ್ನು ಕಂಪನಿಯ ಹಣದಿಂದ ಬೇರೆ ಇಟ್ಟಿದ್ದಾರಾ, ಅದನ್ನು ಓದಿ. 2011ರ ಏಪ್ರಿಲ್ 15ರಂದು ಅಮೆರಿಕದ ಸರ್ಕಾರ ದೊಡ್ಡ ಪೋಕರ್ ಸೈಟ್‌ಗಳ ಮೇಲೆ ಕ್ರಮ ತೆಗೆದುಕೊಂಡಿತು. ಆಟಗಾರರು ಅದನ್ನು ಬ್ಲ್ಯಾಕ್ ಫ್ರೈಡೇ ಅನ್ನುತ್ತಾರೆ. ಅದರಲ್ಲಿ ಒಂದು ಸೈಟ್ ಆಟಗಾರರ ಹಣವನ್ನು ಬೇರೆ ಇಟ್ಟಿರಲಿಲ್ಲ. ಅಲ್ಲಿ ಆಡುತ್ತಿದ್ದ ಅಮೆರಿಕದವರಿಗೆ ಹಣ ವಾಪಸ್ ಬರಲು ಶುರುವಾಗಿದ್ದು 2014ರಲ್ಲಿ. ಹಾಗಾಗಿ ಹಣ ಹಾಕಿದ ಮೊದಲ ವಾರದಲ್ಲೇ ಗುರುತಿನ ದಾಖಲೆ ಕೊಟ್ಟು, ಒಂದು ಚಿಕ್ಕ ಮೊತ್ತ ವಾಪಸ್ ತೆಗೆದು ನೋಡಿ. ಬಂತಾ? ಎಷ್ಟು ದಿನಕ್ಕೆ ಬಂತು? ಅದರ ಮೇಲೆ ನಂಬಿಕೆ ಇಡಿ.

ಶುರುವಿನಲ್ಲಿ ಒಂದೇ ಟೇಬಲ್ ಆಡಿ. ನಾಲ್ಕು ಟೇಬಲ್ ಒಟ್ಟಿಗೆ ಆಡುವವರನ್ನು ನೋಡಿ ಆಸೆ ಪಡಬೇಡಿ.

ಇನ್ನು ಮನಸ್ಸಿನ ವಿಷಯ. ಇದನ್ನು ಬರೆಯಲು ನನಗೆ ಈಗಲೂ ಬೇಜಾರಾಗುತ್ತದೆ, ಆದರೂ ನಿಮಗೆ ಹೇಳಲೇಬೇಕು. ಮೂರನೇ ವಾರ, ರಾತ್ರಿ ಹನ್ನೊಂದು ದಾಟಿತ್ತು. ಎರಡು ಎಕ್ಕ ಹಿಡಿದು ರಿವರ್‌ನಲ್ಲಿ ಸೋತೆ. ಹತ್ತು ನಿಮಿಷದಲ್ಲಿ ಇನ್ನೊಂದು ಬೈ-ಇನ್ ಹೋಯಿತು. ಖಾತೆಯಲ್ಲಿ 31 ಡಾಲರ್ ಉಳಿದಿತ್ತು. ಕಳೆದದ್ದನ್ನು ಬೇಗ ವಾಪಸ್ ತರಬೇಕು ಅಂತ 5 ಸೆಂಟ್, 10 ಸೆಂಟ್ ಟೇಬಲ್‌ಗೆ ಹೋದೆ. ಅಲ್ಲಿ ಬೈ-ಇನ್ 10 ಡಾಲರ್. ಮೊದಲ ಹತ್ತು ಹೋಯಿತು, ಎರಡನೇ ಹತ್ತೂ ಹೋಯಿತು. ಗಡಿಯಾರ ನೋಡಿದಾಗ 25 ನಿಮಿಷ ಆಗಿತ್ತು. ಕಿವಿ ಬಿಸಿಯಾಗಿತ್ತು, ಬಾಯಿ ಒಣಗಿತ್ತು. ಆ ಹೊತ್ತಿನಲ್ಲಿ ಪಾಟ್ ಆಡ್ಸ್ ಎಲ್ಲಾ ಗೊತ್ತಿತ್ತು, ಒಂದೂ ಕೆಲಸಕ್ಕೆ ಬರಲಿಲ್ಲ. ಇದಕ್ಕೆ ಟಿಲ್ಟ್ ಅನ್ನುತ್ತಾರೆ. ಪ್ಲೇ ಮನಿಯಲ್ಲಿ ಇದರ ಪರಿಚಯವೇ ಆಗುವುದಿಲ್ಲ. ಅಂದಿನಿಂದ ನನ್ನ ನಿಯಮ: ಒಂದು ದಿನದಲ್ಲಿ ಎರಡು ಬೈ-ಇನ್ ಸೋತರೆ ಸೈಟ್ ಮುಚ್ಚುವುದು. ಆ ಎರಡರಲ್ಲೂ ನಾನು ಸರಿಯಾಗಿಯೇ ಆಡಿದ್ದರೂ ಅಷ್ಟೇ.

ಸರಿಯಾಗಿ ಆಡಿಯೂ ಸೋಲುವುದು ಅಂದರೆ ಎಷ್ಟು ಅಂತ ತಿಳಿದಿರಲಿ. ನೀವು ನಿಜಕ್ಕೂ ಒಳ್ಳೆಯ ಆಟಗಾರರಾಗಿ, ಪ್ರತಿ 100 ಕೈಗೆ ಸರಾಸರಿ 5 ಬಿಗ್ ಬ್ಲೈಂಡ್ ಗೆಲ್ಲುತ್ತೀರಿ ಅಂದುಕೊಳ್ಳಿ. 10,000 ಕೈಗೆ 500 ಬ್ಲೈಂಡ್, ಅಂದರೆ 5 ಬೈ-ಇನ್. ಆದರೆ ಅಷ್ಟು ಕೈಗಳಲ್ಲಿ ಅದೃಷ್ಟದ ಏರಿಳಿತವೇ 9 ಬೈ-ಇನ್ ಆಸುಪಾಸು ಇರುತ್ತದೆ. ಇಂಥ ಹತ್ತು ಜನ ಒಳ್ಳೆಯ ಆಟಗಾರರನ್ನು ತೆಗೆದುಕೊಂಡರೆ, 10,000 ಕೈ ಮುಗಿದಾಗಲೂ ಸುಮಾರು ಮೂವರು ನಷ್ಟದಲ್ಲೇ ಇರುತ್ತಾರೆ. ಆದ್ದರಿಂದ ಮೊದಲ ವಾರ ಗೆದ್ದರೆ ನೀವು ಗೆಲ್ಲುವ ಆಟಗಾರ ಅಂತಲ್ಲ. ಸೋತರೆ ಆಟ ಬರುವುದಿಲ್ಲ ಅಂತಲೂ ಅಲ್ಲ. ಆಡಿದ ಮೇಲೆ ಹ್ಯಾಂಡ್ ಹಿಸ್ಟರಿ (ಆಡಿದ ಕೈಗಳ ದಾಖಲೆ) ತೆರೆದು ಮೂರು ಕೈ ನೋಡಿ. ಗೆದ್ದ ಕೈಗಳನ್ನೂ ನೋಡಿ.

ಆದಾಯದ ಪ್ರಶ್ನೆಗೆ ಉತ್ತರವೂ ಈ ಲೆಕ್ಕದಲ್ಲೇ ಇದೆ. ಒಂದು ಟೇಬಲ್‌ನಲ್ಲಿ ಗಂಟೆಗೆ ಸುಮಾರು 70 ಕೈ ಬರುತ್ತದೆ. ದಿನಕ್ಕೆ ಒಂದು ಗಂಟೆ ಆಡಿದರೆ 10,000 ಕೈಗೆ ಹತ್ತಿರ ಹತ್ತಿರ ಐದು ತಿಂಗಳು. ಚೆನ್ನಾಗಿ ಆಡಿ, ಅದೃಷ್ಟವೂ ಸರಾಸರಿ ಇದ್ದರೆ, 2 ಸೆಂಟ್ ಬ್ಲೈಂಡ್‌ನಲ್ಲಿ ಸಿಗುವ ಲಾಭ 10 ಡಾಲರ್. ಐದು ತಿಂಗಳಿಗೆ. ಇದನ್ನು ನಾನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಈ ಅಂಕಿ ನೋಡಿದ ಮೇಲೂ ಆಡಬೇಕು ಅನ್ನಿಸಿದರೆ ನಿಮಗೆ ಆಟದ ಮೇಲೆ ಪ್ರೀತಿ ಇದೆ, ಖಂಡಿತ ಆಡಿ. ಆದರೆ ಬಾಡಿಗೆ, ಸಾಲದ ಕಂತು ಇಂಥದ್ದೇನಾದರೂ ಮನಸ್ಸಿನಲ್ಲಿದ್ದು ಆದಾಯ ಅಂತ ಕೇಳಿದ್ದರೆ ದಯವಿಟ್ಟು ಈಗ ಹಣ ಹಾಕಬೇಡಿ. ಆ ಒತ್ತಡ ತಲೆಯಲ್ಲಿದ್ದರೆ ಫೋಲ್ಡ್ ಬಟನ್ ಮೇಲೆ ಬೆರಳು ಹೋಗುವುದೇ ಇಲ್ಲ.

ಖಾತೆ ತೆರೆದ ದಿನವೇ, ಮೊದಲ ಕೈ ಆಡುವ ಮುಂಚೆಯೇ, ಸೆಟ್ಟಿಂಗ್ಸ್‌ಗೆ ಹೋಗಿ ತಿಂಗಳಿಗೆ ಎಷ್ಟು ಹಣ ಹಾಕಬಹುದು ಅನ್ನುವ ಮಿತಿ ಹಾಕಿಬಿಡಿ. ಪರವಾನಗಿ ಇರುವ ಹೆಚ್ಚಿನ ಸೈಟ್‌ಗಳಲ್ಲಿ ಆ ಮಿತಿಯನ್ನು ತಕ್ಷಣ ಇಳಿಸಬಹುದು. ಏರಿಸಬೇಕು ಅಂದರೆ ಮಾತ್ರ ಕಾಯಬೇಕು. ಆ ರಾತ್ರಿ ಉಳಿದಿದ್ದ 11 ಡಾಲರ್ ನೋಡುತ್ತಾ ನಾನು ಇನ್ನಷ್ಟು ಹಾಕಲು ಹೋಗಿದ್ದೆ. ನನ್ನನ್ನು ತಡೆದದ್ದು ಆ ಮಿತಿ.