ಕಂಪನಿ ಹೇಳಿದ ದರಕ್ಕಿಂತ ಇಳಿಸಿ ಮಾರಿದರೆ ತಪ್ಪೇ?

ಗೋಣಿಕೊಪ್ಪಲಿನ ಓದುಗರೊಬ್ಬರು ಕಳೆ ಕೊಚ್ಚುವ ಮೆಷಿನ್, ಸ್ಪ್ರೇಯರ್ ಮಾರುವ ಡೀಲರ್. ಎಂಆರ್‌ಪಿ 32,000 ಇರುವ ಮೆಷಿನನ್ನು 29,500ಕ್ಕಿಂತ ಕೆಳಗೆ ಕೊಡಕೂಡದೆಂದು ಕಂಪನಿಯ ತಾಕೀತು. ಮಳೆಗಾಲಕ್ಕೆ ಮುಂಚೆ ತೋಟದವರೊಬ್ಬರಿಗೆ 28,000ಕ್ಕೆ ಕೊಟ್ಟಿದ್ದಕ್ಕೆ ಆ ತಿಂಗಳ ಇನ್ಸೆಂಟಿವ್ ಕಡಿತವಾಗಿದೆ. ‘ಕಂಪನಿಗೆ ಆ ಹಕ್ಕಿದೆಯೇ?’ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ: ಎಂಆರ್‌ಪಿ ಮೇಲ್ಮಿತಿ ಮಾತ್ರ. ಅದನ್ನು ಮೀರಿದರೆ ಅಪರಾಧ, ಇಳಿಸಿದರೆ ಅಲ್ಲ. ನಿಮ್ಮ ತಕರಾರು ಕೆಳಮಿತಿಯದು. ಅದಕ್ಕೆ 2002ರ ಸ್ಪರ್ಧಾ ಕಾಯ್ದೆಯ ಕಲಂ 3(4)(ಇ) ನೋಡಬೇಕು. ಮಾಲು ಕೊಂಡವರು ತಾನು ಹೇಳಿದ ಬೆಲೆಗೇ ಮಾರಬೇಕೆಂದು ಕಂಪನಿ ನೇರವಾಗಿಯೋ ಸುತ್ತುಬಳಸಿಯೋ ಕಟ್ಟಿಹಾಕಿದರೆ ಈ ಕಲಂ ಅನ್ವಯಿಸುತ್ತದೆ. ‘ಇದಕ್ಕಿಂತ ಕಡಿಮೆಗೂ ಮಾರಬಹುದು’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಇಲ್ಲ. ಹಾಗಾಗಿ ದರಪಟ್ಟಿಯಲ್ಲಿ ಮೊದಲು ಆ ಒಂದು ಸಾಲು ಹುಡುಕಿ.

ಸಾಲು ಇಲ್ಲವೆಂದ ಮಾತ್ರಕ್ಕೆ ಗೆದ್ದಿರಿ ಎಂದಲ್ಲ. ಏಕಸ್ವಾಮ್ಯ ತಡೆಯಲು ತಂದಿದ್ದ 1969ರ ಹಳೆಯ ಎಂಆರ್‌ಟಿಪಿ ಕಾಯ್ದೆಯಲ್ಲಿ ಇಂಥ ಷರತ್ತು ತಾನಾಗಿಯೇ ಅಸಿಂಧುವಾಗುತ್ತಿತ್ತು. ಈಗ ಸ್ಪರ್ಧೆಗೆ ಗಣನೀಯ ಧಕ್ಕೆಯಾಗಿದೆ ಎಂದು ತೋರಬೇಕು. ಪೇಟೆಯಲ್ಲಿ ಹತ್ತಾರು ಬ್ರ್ಯಾಂಡ್‌ಗಳಿದ್ದು ನಿಮ್ಮ ಕಂಪನಿಯ ಪಾಲು ಸಣ್ಣದಿದ್ದರೆ ಅದು ಕಷ್ಟ. ಡೀಲರ್‌ಗಳ ರಿಯಾಯಿತಿಗೆ ಕಡಿವಾಣ ಹಾಕಿದ್ದಕ್ಕೆ ಕಾರು ಕಂಪನಿ ಹ್ಯುಂಡೈಗೆ 2017ರಲ್ಲಿ ಸ್ಪರ್ಧಾ ಆಯೋಗ ಹಾಕಿದ 87 ಕೋಟಿ ದಂಡವನ್ನು ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ರದ್ದುಮಾಡಿತು. ಇಂಥದ್ದಕ್ಕೇ 2021ರಲ್ಲಿ ಮಾರುತಿ ಸುಜುಕಿಗೆ 200 ಕೋಟಿ ದಂಡ ಬಿತ್ತು. ಅದೂ ಮೇಲ್ಮನವಿಗೆ ಹೋಯಿತು. ಮಾರುತಿ ಪ್ರಕರಣದಲ್ಲಿ ಕಂಪನಿ ಗಿರಾಕಿಯ ವೇಷದಲ್ಲಿ ಜನರನ್ನು ಶೋರೂಮಿಗೆ ಕಳಿಸಿ, ಹೆಚ್ಚು ರಿಯಾಯಿತಿ ಕೊಟ್ಟ ಡೀಲರನ್ನು ಹಿಡಿದು ದಂಡ ಕಟ್ಟಿಸಿದ್ದು ಇಮೇಲ್‌ಗಳಲ್ಲೇ ಸಿಕ್ಕಿತ್ತು.

ನಿಮಗೆ ಬೇಕಾದದ್ದೂ ಅಂಥ ಕಾಗದವೇ. ಇನ್ಸೆಂಟಿವ್ ಸ್ಕೀಮಿನ ಸುತ್ತೋಲೆ, ಆ ತಿಂಗಳ ಕ್ರೆಡಿಟ್ ನೋಟ್, 28,000ದ ಬಿಲ್ಲು ಒಟ್ಟಿಗಿಡಿ. ಸೇಲ್ಸ್ ಮ್ಯಾನೇಜರ್ ಬರೀ ಫೋನಿನಲ್ಲಿ ಗದರಿದ್ದರೆ (ಬುದ್ಧಿವಂತರು ಬರೆಯುವುದಿಲ್ಲ) ಅಂದೇ ಇಮೇಲ್ ಹಾಕಿ: ‘29,500ಕ್ಕಿಂತ ಕಡಿಮೆಗೆ ಮಾರಿದ್ದಕ್ಕೆ ಇನ್ಸೆಂಟಿವ್ ಕಡಿತ ಎಂದಿರಿ, ಲಿಖಿತವಾಗಿ ತಿಳಿಸಿ.’ ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟ್ ಸಾಲದು, ಫೋನನ್ನೂ ಉಳಿಸಿಕೊಳ್ಳಿ.

ಇನ್ನೊಂದು: ಮಾಲು ಯಾರದು? ಜಿಎಸ್‌ಟಿ ಬಿಲ್ಲಿನಲ್ಲಿ ದುಡ್ಡು ಕೊಟ್ಟು ಕೊಂಡಿದ್ದರೆ ನಿಮ್ಮದು. ಮಾರಾಟವಾಗುವವರೆಗೂ ಕಂಪನಿಯದೇ ಆಗಿದ್ದು ನಿಮಗೆ ಬರೀ ಕಮಿಷನ್ ಎಂದಾದರೆ ನೀವು ಏಜೆಂಟ್. ಮರುಮಾರಾಟವೇ ಇಲ್ಲ, ದರ ಗೊತ್ತುಮಾಡುವುದು ಅವರ ಹಕ್ಕು.

ದೂರನ್ನು ದೆಹಲಿಯ ಸ್ಪರ್ಧಾ ಆಯೋಗಕ್ಕೆ ಮೂರು ವರ್ಷದೊಳಗೆ ಸಲ್ಲಿಸಬೇಕು. ಹೆಸರು ಗುಟ್ಟಾಗಿಡುವಂತೆ ಕೇಳಬಹುದು, ಆದರೆ ಗೋಣಿಕೊಪ್ಪಲಿನಲ್ಲಿ ಆ ಬ್ರ್ಯಾಂಡಿಗೆ ನೀವೊಬ್ಬರೇ ಡೀಲರಾಗಿದ್ದರೆ ವಿವರ ಓದಿದ ಕೂಡಲೇ ಕಂಪನಿಗೆ ಗೊತ್ತಾಗುತ್ತದೆ. ದಂಡದ ಹಣ ನಿಮಗೆ ಬರುವುದಿಲ್ಲ. ನಷ್ಟಪರಿಹಾರಕ್ಕೆ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಬೇರೆಯೇ ಅರ್ಜಿ. ದೂರು ಕಳಿಸುವ ಮುಂಚೆ ಡೀಲರ್‌ಶಿಪ್ ಕರಾರಿನಲ್ಲಿ ರದ್ದತಿಗೆ ಎಷ್ಟು ದಿನದ ನೋಟಿಸ್ ಇದೆ, ಉಳಿದ ಸ್ಟಾಕನ್ನು ಕಂಪನಿ ವಾಪಸ್ ತೆಗೆದುಕೊಳ್ಳುತ್ತದೆಯೇ ನೋಡಿಕೊಳ್ಳಿ.