ಬೈಬಲ್ ಆ್ಯಪ್ ತೆರೆದರೆ ವಾಟ್ಸಾಪ್‌ಗೆ ಹೋಗ್ತೀನಿ ಅಂದವರಿಗೆ

ಬ್ರದರ್, ಬೀದರಿನಲ್ಲಿ ಬೆಳಿಗ್ಗೆ 6ಕ್ಕೆ ಬೈಬಲ್ ಓದೋಕೆ ಕೂತರೆ ಫೋನು ಎಳೀತದ, ವರ್ಷದಾಗ ಇಡೀ ಬೈಬಲ್ ಓದಿ ಮುಗಿಸೋ ಪ್ಲಾನು ಎರಡು ಸಲ ಮೂರನೇ ಪುಸ್ತಕ ಯಾಜಕಕಾಂಡದಾಗೇ ನಿಂತಿತು ಅಂತ ಬರೆದೀರಿ. ಇವು ಎರಡು ಬೇರೆ ಸಮಸ್ಯೆ.

ಪ್ಲಾನಿಂದು ಬರೀ ಲೆಕ್ಕ ನೋಡ್ರಿ. 66 ಪುಸ್ತಕ, 1189 ಅಧ್ಯಾಯ. ವರ್ಷದಾಗ ಮುಗೀಬೇಕಂದ್ರೆ ದಿನಕ್ಕ ಮೂರಕ್ಕಿಂತ ಜಾಸ್ತಿ. ಆದಿಕಾಂಡ 50, ವಿಮೋಚನಕಾಂಡ 40 ದಾಟಿ ಜನವರಿ ಕೊನೆಗೆ ಯಾಜಕಕಾಂಡದ ಬಲಿಗಳ ನಿಯಮಕ್ಕ ಬರ್ತೀರಿ. ಒಂದು ದಿನ ತಪ್ಪಿದ್ರ ಮರುದಿನ ಆರೇಳು ಅಧ್ಯಾಯ. ಯಾರಾದ್ರೂ ಬಿಡ್ತಾರ. ಅದಕ್ಕ ಯೇಸುವಿನ ಕತಿ ಹೇಳೋ ಮಾರ್ಕನ ಸುವಾರ್ತೆಯಿಂದ ಶುರು ಮಾಡ್ರಿ: 16 ಅಧ್ಯಾಯ, ದಿನಕ್ಕ ಒಂದೇ. ತಪ್ಪಿದ ದಿನದ ಬಾಕಿ ತೀರಿಸಬ್ಯಾಡ್ರಿ, ನಿಂತಲ್ಲಿಂದ ಮುಂದುವರೀರಿ. ಮುಗಿದ ಮ್ಯಾಲೆ ಜ್ಞಾನೋಕ್ತಿ ಪುಸ್ತಕ, 31 ಅಧ್ಯಾಯ, ತಾರೀಖು ಎಷ್ಟೋ ಆ ಅಧ್ಯಾಯ ತೆರೆದ್ರಾತು.

ಇನ್ನ ಫೋನು. ಅಲಾರಂ ಫೋನಿನಾಗ ಇದ್ರ ಎದ್ದ ಕೂಡಲೇ ಅದು ಕೈಗೆ ಬರ್ತದ. ಕೆಡೋದು ಅಲ್ಲೇ, ಓದೋ ಹೊತ್ತಿನಾಗ ಅಲ್ಲ. ಒಂದು ಅಲಾರಂ ಗಡಿಯಾರ ತರ್ರಿ, ಚಾರ್ಜರ್ ಅಡುಗೆ ಮನ್ಯಾಗ ಹಾಕ್ರಿ. ಅಚ್ಚಾದ ಸತ್ಯವೇದ (ಕನ್ನಡ ಬೈಬಲ್) ರಾತ್ರೀನೇ ತೆರೆದಿಡ್ರಿ, ಪೆನ್ಸಿಲ್ ಅದರ ಮ್ಯಾಲೆ. ಬಾಯಿಬಿಟ್ಟು ಓದ್ರಿ, ಕಣ್ಣು ಸಾಲು ಜಿಗಿಯೋದಿಲ್ಲ. ಮನಸ್ಸಿಗೆ ಹತ್ತಿದ ಒಂದು ವಚನಕ್ಕ ಗೆರಿ ಹೊಡೀರಿ, ಸಾಕು. (ನಾಕು ಬಣ್ಣದ ಹೈಲೈಟರ್ ತಂದವರು ಬಣ್ಣ ಆರಿಸೋದ್ರಾಗೇ ಇರ್ತಾರ.)

ಫೋನಿನಾಗೇ ಓದಬೇಕಂದ್ರ ಕನ್ನಡ ಆವೃತ್ತಿ ಮೊದಲೇ ಡೌನ್‌ಲೋಡ್ ಮಾಡಿ, ಮಲಗೋ ಮುಂಚೆ ಏರೋಪ್ಲೇನ್ ಮೋಡ್ ಹಾಕ್ರಿ. ಬೆಳಿಗ್ಗೆ ಹಾಕ್ತೀನಿ ಅಂದ್ರ ಆಗೂದಿಲ್ಲ, ಅಷ್ಟೊತ್ತಿಗೆ ಗುಡ್ ಮಾರ್ನಿಂಗ್ ಹೂವು ಬಂದು ಕೂತಿರ್ತಾವ.